ಕೊಳವೆಯೊಳಗೆ ಗೋಡಂಬಿ

ಹಿಮ ಬೀಳುವ ಊರಿನ ಮನೆಗಳು ಉಸಿರಾಡುತ್ತವೆ ಎಂದು ನನ್ನ ಭಾವ ಹೇಳುತ್ತಾರೆ. ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿರುವ ಮಗಳ ಮನೆಗೆ ಮೊದಲ ಸಲ ಹೋದಾಗ ಎರಡು ರಾತ್ರಿ ಅವರಿಗೆ ನಿದ್ದೆಯೇ ಬರಲಿಲ್ಲವಂತೆ. ನೆಲದಡಿಯಲ್ಲಿ ಎಲ್ಲೋ 'ಟಕ್' ಎಂಬ ಸದ್ದು. ಸ್ವಲ್ಪ ಹೊತ್ತಿಗೆ ಯಾರೋ 'ಬುಸ್' ಎಂದು ಉಸಿರು ಬಿಟ್ಟ ಹಾಗೆ ಗಾಳಿ. ಹತ್ತು ನಿಮಿಷ ಊದಿ ಊದಿ ಮತ್ತೆ ಮೌನ. "ಯಾವುದೋ ದೊಡ್ಡ ಪ್ರಾಣಿ ಮನೆ ಕೆಳಗೆ ಮಲಗಿದೆ ಅನ್ನಿಸ್ತು ಕಣಮ್ಮ" ಎಂದು ನನಗೆ ಫೋನಿನಲ್ಲಿ ಹೇಳಿದ್ದರು.

ಕಳೆದ ಚಳಿಗಾಲದಲ್ಲಿ ನಿಜವಾಗಿಯೂ ಒಂದು ಪ್ರಾಣಿ ಆ ಉಸಿರಿನ ದಾರಿಯೊಳಗೆ ಸಿಕ್ಕಿಕೊಂಡಿತು. ದೊಡ್ಡದೇನಲ್ಲ, ಅಂಗೈ ಮೇಲೆ ಕೂರುವಷ್ಟು.

ಮಕ್ಕಳೇ, ಮೊದಲು ಆ ಉಸಿರಿನ ವಿಷಯ ಹೇಳಿಬಿಡುತ್ತೇನೆ. ಅದು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಅಲ್ಲಿ ಜನವರಿಯ ರಾತ್ರಿಗಳಲ್ಲಿ ಹೊರಗಿನ ಚಳಿ ಸೊನ್ನೆಗಿಂತ 15-20 ಡಿಗ್ರಿ ಕೆಳಗಿಳಿಯುವುದು ಮಾಮೂಲು. ಅದಕ್ಕಾಗಿ ಬಹುಪಾಲು ಮನೆಗಳ ನೆಲಮಾಳಿಗೆಯಲ್ಲಿ ಬೀರುವಿನಷ್ಟು ದೊಡ್ಡ ಒಂದು ಯಂತ್ರ ಇರುತ್ತದೆ. ಅದಕ್ಕೆ ಫರ್ನೇಸ್ ಎನ್ನುತ್ತಾರೆ. ಅದರೊಳಗೆ ಗ್ಯಾಸ್ ಉರಿಯುತ್ತದೆ. ಉರಿಯ ಹೊಗೆ ಬೇರೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ, ಬಿಸಿಯನ್ನು ಮಾತ್ರ ಗಾಳಿಗೆ ಕೊಡುತ್ತದೆ. ಒಂದು ದೊಡ್ಡ ಫ್ಯಾನು ಆ ಬಿಸಿಗಾಳಿಯನ್ನು ತಗಡಿನ ಕೊಳವೆಗಳೊಳಗೆ ತಳ್ಳುತ್ತದೆ. ಮರದ ಬೊಡ್ಡೆಯ ಹಾಗೆ ಒಂದು ದಪ್ಪ ಕೊಳವೆ, ಅದರಿಂದ ಕೊಂಬೆಗಳ ಹಾಗೆ ಒಂದೊಂದು ಕೋಣೆಗೂ ಒಂದೊಂದು ಸಣ್ಣ ಕೊಳವೆ. ಕೊಂಬೆಯ ತುದಿ ಕೋಣೆಯ ನೆಲದಲ್ಲಿ ಬಾಯಿ ತೆರೆಯುತ್ತದೆ. ಆ ಬಾಯಿಗೆ ಹತ್ತು ಇಂಚು ಉದ್ದ, ನಾಲ್ಕು ಇಂಚು ಅಗಲದ ಕಬ್ಬಿಣದ ಜಾಲರಿ ಮುಚ್ಚಿರುತ್ತಾರೆ. ಕೋಣೆಯ ತಣ್ಣನೆಯ ಗಾಳಿ ಬೇರೊಂದು ಕೊಳವೆಯಲ್ಲಿ ವಾಪಸು ಇಳಿದು, ಸೋಸುವ ಹಾಳೆಯೊಂದನ್ನು ದಾಟಿ, ಮತ್ತೆ ಬಿಸಿಯಾಗಲು ಹೋಗುತ್ತದೆ. ಹೀಗೆ ಉಚ್ಛ್ವಾಸ, ನಿಶ್ವಾಸ. ಭಾವ ಹೇಳಿದ್ದರಲ್ಲಿ ಸುಳ್ಳೇನಿಲ್ಲ.

ಒಲೆ ಒಂದು ಕಡೆ, ಬೆಚ್ಚಗಾಗುವವರು ಇನ್ನೊಂದು ಕಡೆ ಎಂಬ ಈ ಉಪಾಯ ಹೊಸದಲ್ಲ. ಎರಡು ಸಾವಿರ ವರ್ಷಗಳ ಹಿಂದೆಯೇ ರೋಮನ್ನರು ಸ್ನಾನಗೃಹದ ನೆಲದಡಿಯಲ್ಲಿ ಬಿಸಿಗಾಳಿ ಹರಿಸುತ್ತಿದ್ದರು. ಕೊರಿಯಾದ ಹಳೆಯ ಮನೆಗಳಲ್ಲಿ ಅಡುಗೆ ಒಲೆಯ ಬಿಸಿ ಹೊಗೆಯೇ ಮಲಗುವ ಕೋಣೆಯ ನೆಲದಡಿ ಹಾಯ್ದು ಹೊರಗೆ ಹೋಗುತ್ತಿತ್ತು. ಗ್ಯಾಸ್ ಉರಿಸಿ, ಬೇರೆ ಬೇರೆ ಕೊಳವೆಗಳಲ್ಲಿ ಕೋಣೆಕೋಣೆಗೂ ಬಿಸಿಗಾಳಿ ಕಳಿಸುವ ಏರ್ಪಾಟಿಗೆ 1919ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಆಲಿಸ್ ಪಾರ್ಕರ್ ಎಂಬ ಕಪ್ಪು ಜನಾಂಗದ ಮಹಿಳೆ ಪೇಟೆಂಟ್ ಪಡೆದಳು. ಇನ್ನು ಗೋಡೆಯ ಮೇಲೆ ಕೂತು 'ಸಾಕು', 'ಬೇಕು' ಎಂದು ಯಂತ್ರಕ್ಕೆ ಅಪ್ಪಣೆ ಕೊಡುವ ಥರ್ಮೋಸ್ಟಾಟ್ ಇದೆಯಲ್ಲ, ಅದರ ಹಿಂದೆ ಒಬ್ಬ ಮೇಷ್ಟರಿದ್ದಾರೆ! ವಿಸ್ಕಾನ್ಸಿನ್‌ನ ವಾರೆನ್ ಜಾನ್ಸನ್. ಜವಾನ ಆಗಾಗ ತರಗತಿಗೆ ಬಂದು ಬಿಸಿ ಎಷ್ಟಿದೆ ಎಂದು ನೋಡಿ ಹೋಗುವುದರಿಂದ ಪಾಠ ಕೆಡುತ್ತದೆ ಎಂದು ಬೇಸತ್ತು 1883ರಲ್ಲಿ ವಿದ್ಯುತ್ತಿನ ಥರ್ಮೋಸ್ಟಾಟಿಗೆ ಪೇಟೆಂಟ್ ಪಡೆದರು. ಪಾಠಕ್ಕೆ ಅಡ್ಡಿ ಬಂದರೆ ಎಲ್ಲ ಮೇಷ್ಟರೂ ಸಿಡುಕುತ್ತಾರೆ, ಇವರು ಯಂತ್ರವನ್ನೇ ಮಾಡಿದರು.

ಈಗ ನಮ್ಮ ಅಕ್ಕನ ಮಗಳ ಮನೆಗೆ ಬರೋಣ. ಎರಡನೇ ಬಾಣಂತನಕ್ಕೆಂದು ಅಕ್ಕ, ಭಾವ ಹೋಗಿದ್ದರು. ಕೂಸಿಗೆ ಆಗ ಎರಡು ತಿಂಗಳು. ಅದರ ಅಕ್ಕ ಪುಟ್ಟಿಗೆ ಎಂಟು ವರ್ಷ. ಎಲ್ಲರೂ ಕೂಸನ್ನೇ ಮುದ್ದಾಡುತ್ತಾರೆಂದು ಪುಟ್ಟಿ ಸಪ್ಪಗಾದಳೆಂದು ಅವಳಪ್ಪ ಅವಳಿಗೊಂದು ಹ್ಯಾಮ್‌ಸ್ಟರ್ ತಂದುಕೊಟ್ಟಿದ್ದರು. ಹ್ಯಾಮ್‌ಸ್ಟರ್ ಎಂದರೆ ಇಲಿಯ ದೂರದ ನೆಂಟ. ಗಿಡ್ಡ ಬಾಲ, ಗುಂಡು ಮೈ, ಜೇನಿನ ಬಣ್ಣ. ಮೈ ಬಣ್ಣಕ್ಕೂ, ಬೆನ್ನು ಬಾಗಿಸಿ ಮಲಗುವ ಭಂಗಿಗೂ ಅಕ್ಕ ಅದಕ್ಕೆ 'ಗೋಡಂಬಿ' ಎಂದು ಹೆಸರಿಟ್ಟರು. ಪುಟ್ಟಿಯ ಇಂಗ್ಲಿಷ್ ನಾಲಿಗೆಯಲ್ಲಿ ಅದು 'ಗೊಡ್ಯಾಂಬಿ' ಆಗಿತ್ತು.

ಗೋಡಂಬಿಯ ವಂಶದ ಕಥೆ ಸ್ವಾರಸ್ಯವಾಗಿದೆ. 1930ರಲ್ಲಿ ಜೆರುಸಲೇಮಿನ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಎಂಬಾತ ಸಿರಿಯಾ ದೇಶದ ಅಲೆಪ್ಪೋ ಹತ್ತಿರದ ಗೋಧಿ ಹೊಲವನ್ನು ಅಗೆಸಿದ. ಆಳಿಗಿಂತ ಆಳದಲ್ಲಿ ಒಂದು ತಾಯಿ, ಅದರ ಮರಿಗಳು ಸಿಕ್ಕವು. ದಾರಿಯಲ್ಲೂ ಆಮೇಲೂ ಹಲವು ಸತ್ತು, ತಪ್ಪಿಸಿಕೊಂಡು, ಕೊನೆಗೆ ಉಳಿದದ್ದು ಕೆಲವೇ ಕೆಲವು. ಇವತ್ತು ಲೋಕದಲ್ಲಿ ಮನೆಗಳಲ್ಲಿ ಸಾಕಿರುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳು ಹೆಚ್ಚುಕಡಿಮೆ ಎಲ್ಲವೂ ಆ ಒಂದೇ ಬಿಲದ ಮೊಮ್ಮಕ್ಕಳು. ಅಂದರೆ ಹುಟ್ಟಾ ಬಿಲದ ಜೀವಿ. ಕಣ್ಣು ಮಂದ, ಕಿವಿ ಮೂಗು ಬಲು ಚುರುಕು. ಹಗಲು ನಿದ್ದೆ, ರಾತ್ರಿ ಓಡಾಟ. ಅದಕ್ಕೆ ಕತ್ತಲೆಯ ಕೊಳವೆ ಎಂದರೆ ಸೆರೆಮನೆಯಲ್ಲ, ತವರುಮನೆ. ಅದನ್ನು ಹೊರಗೆ ತರುವ ಕಷ್ಟವೆಲ್ಲ ಇರುವುದು ಇಲ್ಲೇ.

ಅವತ್ತು ಸಂಜೆ ಪುಟ್ಟಿಯ ಪೆನ್ಸಿಲ್ ಜಾಲರಿಯ ಸಂದಿಯಲ್ಲಿ ಬಿದ್ದಿತ್ತು. ಆ ಜಾಲರಿಗೆ ಸ್ಕ್ರೂ ಇರುವುದಿಲ್ಲ, ಸುಮ್ಮನೆ ಕೂರಿಸಿರುತ್ತಾರೆ. ಅವಳು ಎತ್ತಿ ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಊಟಕ್ಕೆ ಕರೆದರು. ಸಾರು ಅನ್ನ ಮುಗಿಸಿ ಬರುವಷ್ಟರಲ್ಲಿ ಗೂಡಿನ ಬಾಗಿಲು ಅರ್ಧ ತೆರೆದಿತ್ತು, ಗೋಡಂಬಿ ಇರಲಿಲ್ಲ. ಮಂಚದ ಕೆಳಗೆ, ಶೂಗಳೊಳಗೆ, ಕೂಸಿನ ತೊಟ್ಟಿಲ ಬಟ್ಟೆಗಳಲ್ಲಿ ಹುಡುಕಿದರು. ಕೊನೆಗೆ ಭಾವನಿಗೆ ನೆಲದೊಳಗಿಂದ 'ಕರ ಕರ' ಕೇಳಿಸಿತು.

"ಎಲ್ಲರೂ ಸುಮ್ನಿರಿ!" ಎಂದು ಅವರು ಹೇಳುವುದಕ್ಕೂ, ಕೆಳಗೆ ಫರ್ನೇಸ್ 'ಟಕ್' ಎನ್ನುವುದಕ್ಕೂ ಸರಿಹೋಯಿತು.

ಅಳಿಯಂದಿರು ಎರಡೆರಡು ಮೆಟ್ಟಿಲು ಹಾರಿ ನೆಲಮಾಳಿಗೆಗೆ ಓಡಿದರು. ಫರ್ನೇಸಿನ ಪಕ್ಕದಲ್ಲೇ ದೀಪದ ಸ್ವಿಚ್ಚಿನಂಥದೇ ಒಂದು ಸ್ವಿಚ್ಚು ಇರುತ್ತದೆ. ಅದನ್ನು ಆರಿಸಿದರು. ಈ ಒಂದು ಕೆಲಸ ಅವತ್ತು ಗೋಡಂಬಿಯನ್ನು ಉಳಿಸಿತು ಎಂದೇ ನನ್ನ ನಂಬಿಕೆ. ಗೋಡೆಯ ಥರ್ಮೋಸ್ಟಾಟಿನಲ್ಲಿ ಬಿಸಿ ಕಡಿಮೆ ಮಾಡಿದರೆ ಸಾಲದು. ಬೆಂಕಿ ಆರಿದ ಮೇಲೂ ಫ್ಯಾನು ಒಂದೆರಡು ನಿಮಿಷ ತಿರುಗುತ್ತಲೇ ಇರುತ್ತದೆ, ಕೋಣೆ ತಣ್ಣಗಾದರೆ ಯಂತ್ರ ತಾನಾಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಫರ್ನೇಸಿನಿಂದ ಹೊರಡುವ ಗಾಳಿ 50 ಡಿಗ್ರಿಯ ಆಚೀಚೆ ಇರುತ್ತದೆ. ನೂರೈವತ್ತು ಗ್ರಾಂ ತೂಗದ ಜೀವಕ್ಕೆ ಆ ತಗಡಿನ ಸುರಂಗದಲ್ಲಿ ಅದನ್ನು ತಡೆದುಕೊಳ್ಳಲು ಆಗದು. ಜೊತೆಗೆ ಗಾಳಿಯ ಸದ್ದಿನಲ್ಲಿ ಅದು ಎಲ್ಲಿದೆ ಎಂದು ತಿಳಿಯುವುದೂ ಇಲ್ಲ.

ಪುಟ್ಟಿ ಅಳುತ್ತಾ ಕೈ ಒಳಗೆ ಹಾಕಲು ಹೋದಳು. ಅಕ್ಕ ತಡೆದರು. ತಗಡಿನ ಅಂಚು ಬ್ಲೇಡಿನ ಹಾಗಿರುತ್ತದೆ, ಮಕ್ಕಳೇ, ಕೈ ಹಾಕಬಾರದು. ಟಾರ್ಚು ಬಿಟ್ಟು ನೋಡಿದರೆ ಕಾಣಿಸಿದ್ದು ಒಂದಡಿ ಆಳದ ತಗಡಿನ ಗುಂಡಿ, ಅಲ್ಲಿಂದ ಅಡ್ಡಕ್ಕೆ ತಿರುಗಿ ಕತ್ತಲೆಗೆ ಹೋಗುವ ಕೊಳವೆ. ಇಳಿಯುವುದು ಜಾರುಬಂಡೆಯಷ್ಟು ಸುಲಭ. ಹತ್ತಲು ಉಗುರಿಗೆ ಹಿಡಿತವೇ ಇಲ್ಲ.

ಅಳಿಯಂದಿರು ಫರ್ನೇಸ್ ರಿಪೇರಿಯವರಿಗೆ ಫೋನ್ ಮಾಡಿದರು. ಚಳಿಗಾಲದ ರಾತ್ರಿ, ಊರಿನ ಅರ್ಧ ಫರ್ನೇಸ್‌ಗಳು ಅದೇ ದಿನ ಕೈಕೊಟ್ಟಿರುತ್ತವೆ. ನಾಳೆ ಹನ್ನೊಂದಕ್ಕೆ ಬರುತ್ತೇವೆ ಎಂದರು. ಆದರೆ ಫೋನೆತ್ತಿದಾತ ಒಳ್ಳೆಯ ಮನುಷ್ಯ. ಒಂದು ಮಾತು ಹೇಳಿಕೊಟ್ಟ. ನೆಲಮಾಳಿಗೆಯಲ್ಲಿ ಒಂದೊಂದು ಕೊಂಬೆ ಕೊಳವೆಗೂ ಒಂದು ಪುಟ್ಟ ಹಿಡಿ ಇರುತ್ತದೆ, ತಿರುಗಿಸಿದರೆ ಒಳಗಿನ ತಗಡಿನ ಬಿಲ್ಲೆ ಅಡ್ಡ ನಿಲ್ಲುತ್ತದೆ. ಪ್ರಾಣಿ ಕೊಂಬೆಯಲ್ಲೇ ಇದ್ದರೆ ಬಿಲ್ಲೆ ಮುಚ್ಚಿ, ದೊಡ್ಡ ಕೊಳವೆಗೆ ಹೋಗದ ಹಾಗೆ ತಡೆಯಬಹುದು. ದೊಡ್ಡ ಕೊಳವೆಗೆ ಆಗಲೇ ಹೋಗಿದ್ದರೆ ಮಾತ್ರ ಮುಟ್ಟಬೇಡಿ, ವಾಪಸು ಬರುವ ದಾರಿಯನ್ನೇ ಮುಚ್ಚಿದ ಹಾಗಾಗುತ್ತದೆ.

ಎಲ್ಲಿದೆ ಎಂದು ತಿಳಿಯುವುದು ಹೇಗೆ? ತಗಡು ಬಹಳ ಮೋಸದ ವಸ್ತು. ಒಂದು ತುದಿಯಲ್ಲಿ ಕೆರೆದರೆ ಇನ್ನೊಂದು ತುದಿಯಲ್ಲಿ ಕೇಳಿಸುತ್ತದೆ. ಭಾವ ಅಡುಗೆಮನೆಗೆ ಹೋಗಿ ಸ್ಟೀಲ್ ಲೋಟ ತಂದರು. ಲೋಟದ ಬಾಯಿಯನ್ನು ಕೊಳವೆಗೆ ಒತ್ತಿ, ತಳಕ್ಕೆ ಕಿವಿ ಹಚ್ಚಿ, ಡಾಕ್ಟರು ಎದೆ ಪರೀಕ್ಷೆ ಮಾಡುವ ಹಾಗೆ ಅಂಗುಲ ಅಂಗುಲ ಸರಿಯುತ್ತಾ ಹೋದರು. ಕುರ್ಚಿ ಹತ್ತಿ ಇಳಿದು, ಹತ್ತಿ ಇಳಿದು, ಎಪ್ಪತ್ತೊಂದು ವಯಸ್ಸಿನವರು. ಅರ್ಧ ಗಂಟೆಯ ಮೇಲೆ ತೀರ್ಪು ಕೊಟ್ಟರು: "ಕೊಂಬೇಲಿಲ್ಲ. ಬೊಡ್ಡೇಲಿದೆ." ಹಿಡಿಯನ್ನು ಯಾರೂ ಮುಟ್ಟಲಿಲ್ಲ.

ಆಗ ಅಲ್ಲಿ ರಾತ್ರಿ ಹತ್ತು, ನಮ್ಮ ಮೈಸೂರಿನಲ್ಲಿ ಬೆಳಗ್ಗೆ ಒಂಬತ್ತೂವರೆ. ಪುಟ್ಟಿಯ ಮನಸ್ಸು ಬೇರೆ ಕಡೆ ಹೊರಳಲಿ ಎಂದು ಅಕ್ಕ ನನಗೆ ಫೋನ್ ಹಚ್ಚಿ ಅವಳ ಕೈಗೆ ಕೊಟ್ಟರು. ಕೊಳವೆಯೊಳಗೆ ಹೋಗಿ ಜಾಣತನದಿಂದ ಹೊರಗೆ ಬಂದ ಪ್ರಾಣಿಯ ಕಥೆ ಹೇಳಿದೆ, ನಿಮಗೂ ಹೇಳುತ್ತೇನೆ. 1971ರಲ್ಲಿ ಷಿಕಾಗೋ ಹತ್ತಿರದ ಬಟೇವಿಯಾದಲ್ಲಿ ಪರಮಾಣುವಿನ ಒಳಗಿನ ಕಣಗಳನ್ನು ಓಡಿಸಿ ನೋಡುವ ದೊಡ್ಡ ಪ್ರಯೋಗಾಲಯ ಕಟ್ಟುತ್ತಿದ್ದರು. ಈಗ ಅದರ ಹೆಸರು ಫರ್ಮಿಲ್ಯಾಬ್. ಅಲ್ಲಿನ ಉದ್ದನೆಯ ಕೊಳವೆಗಳಲ್ಲಿ ಲೋಹದ ಪುಡಿ ಉಳಿಯುವ ಹಾಗಿಲ್ಲ, ಮನುಷ್ಯ ಒಳಗೆ ಹೋಗುವ ಹಾಗಿಲ್ಲ. ಮುಂಗುಸಿಯ ಹಾಗೆ ಉದ್ದ ಮೈಯಿನ ಫೆರೆಟ್ ಎಂಬ ಪ್ರಾಣಿಯೊಂದನ್ನು ತಂದರು. ಹೆಸರು ಫೆಲಿಷಿಯಾ. ಅವಳ ಕೊರಳಪಟ್ಟಿಗೆ ದಾರ ಕಟ್ಟಿ ಒಂದು ತುದಿಯಲ್ಲಿ ಬಿಟ್ಟರೆ ಇನ್ನೊಂದು ತುದಿಯಲ್ಲಿ ಬರುತ್ತಿದ್ದಳು. ಆಮೇಲೆ ಆ ದಾರಕ್ಕೆ ಒರೆಸುವ ಬಟ್ಟೆ ಕಟ್ಟಿ ಎಳೆದರೆ ಕೊಳವೆ ಶುಚಿ. ವಿಜ್ಞಾನಿಗಳಿಗೇ ಸಹಾಯ ಮಾಡಿದ ಜಾಣೆ!

ಪುಟ್ಟಿ ಬಿಕ್ಕುವುದು ನಿಲ್ಲಿಸಿ, "ಚಿಕ್ಕಜ್ಜಿ, ನಾನೂ ಗೋಡಂಬಿ ಬಾಲಕ್ಕೆ ದಾರ ಕಟ್ಟಬೇಕಿತ್ತು. ಆದ್ರೆ ಅದಕ್ಕೆ ಬಾಲಾನೇ ಇಲ್ವಲ್ಲ" ಎಂದು ಮತ್ತೆ ಅಳತೊಡಗಿದಳು.

ಕೂಸಿನ ವಿಷಯ ಈಗ ಮುಂದೆ ಬಂತು. ಮನೆ ತಣ್ಣಗಾಗುತ್ತಿತ್ತು. ಫರ್ನೇಸ್ ಆರಿಸಿದಾಗ ಒಳಗೆ 21 ಡಿಗ್ರಿ, ಹನ್ನೊಂದು ಗಂಟೆಗೆ 18. ಹೊರಗೆ ಸೊನ್ನೆಗಿಂತ 19 ಕೆಳಗೆ. ಬಾಣಂತಿಯನ್ನೂ ಕೂಸನ್ನೂ ಚಿಕ್ಕ ಕೋಣೆಗೆ ಕಳಿಸಿ, ಕರೆಂಟಿನ ಹೀಟರ್ ಹಚ್ಚಿ ಬಾಗಿಲು ಹಾಕಿದರು. ಭಾವ ಹಿಂದಿನ ಕಾಲದವರು. "ಅಗ್ಗಿಷ್ಟಿಕೆಗೆ ಒಂದಿಷ್ಟು ಇದ್ದಿಲು ಸಿಕ್ಕಿದ್ರೆ..." ಎಂದು ಶುರು ಮಾಡಿದರು. ಅಳಿಯಂದಿರು, "ಬೇಡ ಮಾವ, ಈ ಮನೆಗಳಲ್ಲಿ ಗಾಳಿ ಆಡೋಕೆ ಸಂದೀನೇ ಇರಲ್ಲ. ಇದ್ದಿಲಿನ ವಿಷಗಾಳಿ ತುಂಬ್ಕೊಂಡ್ರೆ ನಮ್ಗೆ ಗೊತ್ತೂ ಆಗಲ್ಲ" ಎಂದರು. ಅದು ಸರಿಯಾದ ಮಾತು. ಇದ್ದಿಲು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗುವುದು ನಮ್ಮ ಊರುಗಳಲ್ಲೂ ಜೀವಕ್ಕೆ ಅಪಾಯ.

ಇನ್ನೊಂದು ಹೆದರಿಕೆ ನೀರಿನ ನಲ್ಲಿಗಳದು. ಗೋಡೆಯೊಳಗಿನ ಪೈಪಿನಲ್ಲಿ ನೀರು ಹೆಪ್ಪುಗಟ್ಟಿದರೆ ಹಿಗ್ಗಿ ಪೈಪನ್ನು ಸೀಳಿಬಿಡುತ್ತದೆ. ಆದ್ದರಿಂದ ಅಳಿಯಂದಿರು ಒಂದು ಗೆರೆ ಎಳೆದರು. ಒಳಗಿನ ಬಿಸಿ 13ಕ್ಕೆ ಇಳಿದರೆ, ಗೋಡಂಬಿ ಬಂದಿರಲಿ ಬಿಡಲಿ, ಫರ್ನೇಸ್ ಹಚ್ಚುವುದು. ಹೇಳುವಾಗ ಮಗಳ ಮುಖ ನೋಡಲಿಲ್ಲವಂತೆ. ನಾನು ಅವರನ್ನು ದೂರುವುದಿಲ್ಲ. ಎರಡು ತಿಂಗಳ ಕೂಸಿರುವ ಮನೆಯಲ್ಲಿ ತಂದೆಯಾದವನು ಇನ್ನೇನು ಹೇಳಿಯಾನು?

ಪುಟ್ಟಿ ಆಗಾಗ ಒಂದು ಹಿಡಿ ಸೂರ್ಯಕಾಂತಿ ಬೀಜವನ್ನು ಗುಂಡಿಗೆ ಹಾಕುತ್ತಿದ್ದಳು. ಎಲ್ಲರೂ ಸರಿದು ದೀಪ ಆರಿಸಿದರೆ ಕರಕರ ಸದ್ದು ಹತ್ತಿರ ಬರುತ್ತಿತ್ತು. ಟಾರ್ಚು ಬಿಟ್ಟರೆ ಬೀಜ ಮಾಯ, ಗೋಡಂಬಿಯೂ ಮಾಯ. ಮೂರು ಸಲ ಹೀಗಾಯಿತು. ಪುಟ್ಟಿಗೆ, "ತಿಂತಾ ಇದೆ, ಬದುಕಿದೆ" ಎಂದು ಸಂತೋಷ. ಅಕ್ಕನಿಗೆ ಅನುಮಾನ ಬಂತು. ಇಷ್ಟು ಬೀಜ ತಿನ್ನಲು ಅದರ ಹೊಟ್ಟೆ ಎಷ್ಟಿದೆ?

ಹ್ಯಾಮ್‌ಸ್ಟರ್ ತಿನ್ನುತ್ತಿರಲಿಲ್ಲ, ಹೊರುತ್ತಿತ್ತು. ಅದರ ಎರಡು ಕೆನ್ನೆಗಳೊಳಗೂ ಭುಜದವರೆಗೆ ಹಿಗ್ಗುವ ಚೀಲಗಳಿವೆ. ಕಾಳು ಕಂಡರೆ ಅಲ್ಲೇ ತಿನ್ನದೆ ಚೀಲಕ್ಕೆ ತುಂಬಿ ಬಿಲಕ್ಕೆ ಒಯ್ದು ಕೂಡಿಡುವುದು ಅದರ ಹುಟ್ಟುಗುಣ. ಅಂದರೆ ಪುಟ್ಟಿ ಬೀಜ ಹಾಕಿದಷ್ಟೂ ಅದು ಕೊಳವೆಯಲ್ಲಿ ಸಂಸಾರ ಹೂಡುತ್ತಿತ್ತು. ಬಾಗಿಲಲ್ಲೇ ರೇಷನ್ ಬರುತ್ತಿದ್ದರೆ ಮನೆ ಬಿಟ್ಟು ಯಾರು ಹೊರಡುತ್ತಾರೆ?

"ಇನ್ನೊಂದು ಕಾಳೂ ಹಾಕ್ಬೇಡ ಕಂದಾ" ಎಂದರು ಅಕ್ಕ. ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ಹತ್ತಿ ಸೀರೆ ತೆಗೆದರು. ಒಗೆದೊಗೆದು ಮೆತ್ತಗಾದದ್ದು, ಕೂಸಿಗೆ ಹಾಸಲೆಂದು ಮೈಸೂರಿನಿಂದ ಒಯ್ದದ್ದು. ಹುರಿದ ಕಡಲೆಕಾಯಿ ಬೀಜ ನಾಲ್ಕನ್ನು, ಉಪ್ಪಿಲ್ಲದ್ದು, ಸೆರಗಿನ ತುದಿಯಲ್ಲಿ ಇಟ್ಟು ಗಂಟು ಹಾಕಿದರು. ಹಿಂದೆ ಸಂತೆಗೆ ಹೋಗುವಾಗ ಚಿಲ್ಲರೆ ಗಂಟು ಹಾಕುತ್ತಿದ್ದರಲ್ಲ, ಹಾಗೆಯೇ, ಬಿಗಿಯಾಗಿ. ವಾಸನೆ ಬರಬೇಕು, ಬಿಚ್ಚಲು ಬರಬಾರದು. ಪರದೆಯ ಕೋಲಿನಿಂದ ಸೆರಗನ್ನು ಅಡ್ಡ ಕೊಳವೆಯೊಳಗೆ ಎಟುಕುವಷ್ಟು ದೂರ ತಳ್ಳಿದರು. ಉಳಿದ ಸೀರೆಯನ್ನು ಗುಂಡಿಯ ಗೋಡೆಗೆ ಮಡಿಕೆ ಮಡಿಕೆಯಾಗಿ ಇಳಿಬಿಟ್ಟು ಮೇಲಿನ ತುದಿಯನ್ನು ಮಂಚದ ಕಾಲಿಗೆ ಕಟ್ಟಿದರು. ಗೋಡಂಬಿಯ ಗೂಡನ್ನು, ಅದರ ಹಳೆಯ ಹಾಸಿನ ಸಮೇತ, ಗುಂಡಿಯ ಬಾಯಿಗೆ ಬಾಗಿಲು ತೆರೆದು ಇಟ್ಟರು. ತಗಡಿನ ಮೇಲೆ ಜಾರುವ ಉಗುರು ಹತ್ತಿ ಬಟ್ಟೆಯ ಮೇಲೆ ಚೆನ್ನಾಗಿ ನಾಟುತ್ತದೆ. ನೀವು ಬೆಕ್ಕು ಪರದೆ ಹತ್ತುವುದನ್ನು ನೋಡಿದ್ದೀರಲ್ಲ.

ಆಮೇಲೆ ಮಾಡಿದ ಕೆಲಸ ಎಲ್ಲಕ್ಕಿಂತ ಕಷ್ಟದ್ದು. ಏನೂ ಮಾಡಲಿಲ್ಲ. ದೀಪ ಆರಿಸಿ, ಎಲ್ಲರನ್ನೂ ಮಲಗಲು ಕಳಿಸಿ, ಅಕ್ಕ ಒಬ್ಬರೇ ಎರಡು ಕಂಬಳಿ ಹೊದ್ದು ಗೋಡೆಗೆ ಒರಗಿ ಕೂತರು. ಪುಟ್ಟಿ ಹೋಗಲಿಲ್ಲ. ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟು, ಬಂದ ತಕ್ಷಣ ಎಬ್ಬಿಸಬೇಕೆಂದು ಮಾತು ತೆಗೆದುಕೊಂಡು ನಿದ್ದೆ ಹೋದಳು. ಹನ್ನೆರಡು, ಒಂದು, ಎರಡು. ಭಾವ ಮಧ್ಯೆ ಎದ್ದು ಬಂದು ಪಿಸುಗುಟ್ಟಿದರು, "ಏನೇ, 15 ಆಗಿದೆ." ಅಕ್ಕ ಕೈಸನ್ನೆಯಲ್ಲೇ ಅವರನ್ನು ವಾಪಸು ಕಳಿಸಿದರು.

ಮೂರು ದಾಟಿದ ಮೇಲೆ ಸೀರೆ ಸ್ವಲ್ಪ ಬಿಗಿಯಾಯಿತು. ಸಡಿಲವಾಯಿತು. ಮತ್ತೆ ಬಿಗಿಯಾಯಿತು. ಕೆಳಗೆ ಗಂಟನ್ನು ಬಿಚ್ಚಲು ಯಾರೋ ಕಚ್ಚಿ ಎಳೆಯುತ್ತಿದ್ದರು. "ಎಳ್ದುಬಿಡೋಣ ಅಂತ ಕೈ ತುರಿಸ್ತು ಕಣೇ" ಎಂದರು ಅಕ್ಕ ನನ್ನ ಹತ್ತಿರ. ಎಳೆಯಲಿಲ್ಲ. ಎಳೆದಿದ್ದರೆ ಹೆದರಿ ಬಾಯಿ ಬಿಟ್ಟು ಓಡಿಹೋಗುತ್ತಿತ್ತು, ಮತ್ತೆ ಆ ಕಡೆ ಬರುವುದು ಯಾವಾಗಲೋ. ಕಾಲು ಗಂಟೆ ಗುದ್ದಾಡಿ, ಗಂಟು ಬಿಚ್ಚದೆ, ಗೋಡಂಬಿ ಸೀರೆಯ ವಾಸನೆ ಹಿಡಿದು ಮೇಲೆ ಹೊರಟಿತು. ಮೊದಲು ಮೀಸೆ ಕಂಡಿತು. ಆಮೇಲೆ ಊದಿದ ಎರಡು ಕೆನ್ನೆ. ಅಂಚಿನ ಮೇಲೆ ನಿಂತು ಮೂಗು ಅಲ್ಲಾಡಿಸಿತು. ತನ್ನ ಗೂಡಿನ ವಾಸನೆ ಸಿಕ್ಕಿತು. ನೆಂಟರ ಮನೆಯಿಂದ ಬಂದವರ ಹಾಗೆ ನೇರವಾಗಿ ಒಳಗೆ ನಡೆಯಿತು. ಅಕ್ಕ ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು.

ಗಂಟೆ 3.40. ಗೋಡೆಯ ಮೇಲೆ 14.

ಪುಟ್ಟಿಯನ್ನು ಎಬ್ಬಿಸಿದರು. ಅವಳ ಕೂಗಿಗೆ ಕೂಸೂ ಎದ್ದಿತು, ಅಳಿಯಂದಿರೂ ಎದ್ದರು. ಜಾಲರಿ ಮುಚ್ಚಿ ಅವರು ಕೆಳಗಿಳಿದು ಸ್ವಿಚ್ಚು ಹಾಕಿದಾಗ, 'ಟಕ್' ಎಂಬ ಸದ್ದಿಗೆ ಎಲ್ಲರೂ ಕಿವಿ ಕೊಟ್ಟು ನಿಂತಿದ್ದರಂತೆ.

ಗೋಡಂಬಿಯ ಮೈ ತಣ್ಣಗಿತ್ತು, ಒಂದು ಪಾದದಲ್ಲಿ ತಗಡು ತಗುಲಿದ ಗೀರು. ಇಂಥ ಹೊತ್ತಿನಲ್ಲಿ ಬಿಸಿನೀರಿನಲ್ಲಿ ಅದ್ದುವುದು, ಹೀಟರಿನ ಮುಂದೆ ಹಿಡಿಯುವುದು ಮಾಡಬಾರದು. ಒಣ ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡರೆ ನಮ್ಮ ಮೈಯ ಬಿಸಿಯೇ ಸಾಕು. ಹ್ಯಾಮ್‌ಸ್ಟರ್ ತುಂಬಾ ಚಳಿಯಾದರೆ ಮರಗಟ್ಟಿದ ಹಾಗೆ ನಿದ್ದೆಗೆ ಜಾರುವುದೂ ಉಂಟು. ಉಸಿರು ಎಷ್ಟು ನಿಧಾನವೆಂದರೆ ಸತ್ತಿದೆ ಎಂದುಕೊಂಡು ಹೂಳಲು ಹೊರಟವರಿದ್ದಾರೆ. ಅವಸರಪಡದೆ, ನಿಧಾನವಾಗಿ ಬೆಚ್ಚಗೆ ಮಾಡಿ, ಪಶುವೈದ್ಯರಿಗೆ ತೋರಿಸಬೇಕು. ಮರುದಿನ ತೋರಿಸಿದರು. ಏನೂ ಆಗಿಲ್ಲ ಎಂದರು.

ಎಲ್ಲ ಸಲವೂ ಹೀಗೆ ಸುಖವಾಗಿ ಮುಗಿಯುವುದಿಲ್ಲ, ಅದನ್ನು ಮಕ್ಕಳಿಂದ ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ. ಸದ್ದು ನಿಂತುಹೋಗುವುದುಂಟು. ಆಗ ಕೆಲಸ ಗೊತ್ತಿದ್ದವರನ್ನು ಕರೆಸಿ ಕೊಳವೆ ಬಿಚ್ಚಿಸಲೇಬೇಕು. ಕೊಳವೆಗಳನ್ನು ತುಂಡು ತುಂಡಾಗಿ ಜೋಡಿಸಿ, ಸ್ಕ್ರೂ ಹಾಕಿ, ಬೆಳ್ಳಿಬಣ್ಣದ ಟೇಪು ಸುತ್ತಿರುತ್ತಾರೆ. ಬೇಕಾದ ಕಡೆ ಬಿಚ್ಚಬಹುದು, ಇಲ್ಲವೇ ತಗಡು ಕತ್ತರಿಸಿ ಕಿಂಡಿ ಮಾಡಿ ಆಮೇಲೆ ಬೇರೆ ತಗಡಿನಿಂದ ಮುಚ್ಚಬಹುದು. ಬೆಕ್ಕಿನ ಮರಿಯಾದರೆ ತಾಯಿಯನ್ನೋ, ಸಾಕಿದವರನ್ನೋ ಜಾಲರಿಯ ಹತ್ತಿರ ಕೂರಿಸಿದರೆ ದನಿ ಕೇಳಿ ಬರುತ್ತದೆ. ವಾಪಸು ಬರುವ ಗಾಳಿಯ ಕೊಳವೆಗೆ ಬಿದ್ದಿದ್ದರೆ ಸೋಸುವ ಹಾಳೆಯ ಹತ್ತಿರ ಮೊದಲು ನೋಡಬೇಕು, ಅದರಾಚೆ ಫ್ಯಾನು. ಫ್ಯಾನು ಹಾಕಿ ಊದಿಸಿ ಹೊರಗೆ ತರುತ್ತೇನೆ, ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯುತ್ತೇನೆ, ನೀರು ಸುರಿಯುತ್ತೇನೆ ಎನ್ನುವ ಜಾಣರು ಇರುತ್ತಾರೆ. ಅವರಿಗೆ ಕಾಫಿ ಕೊಟ್ಟು ಬೇರೆ ಕೋಣೆಯಲ್ಲಿ ಕೂರಿಸಿ.

ನಮ್ಮಲ್ಲಿ ಫರ್ನೇಸ್ ಇಲ್ಲ, ನಿಜ. ಆದರೆ ಬೆಚ್ಚಗಿನ ಜಾಗ ಹುಡುಕುವ ಪ್ರಾಣಿಗಳು ಇಲ್ಲೂ ಇವೆ. ಮಲೆನಾಡಿನ ಅಜ್ಜಿಯರನ್ನು ಕೇಳಿ, ಬಚ್ಚಲೊಲೆಯ ಬೂದಿಯಲ್ಲಿ ಸುರುಳಿ ಸುತ್ತಿ ಮಲಗಿದ ಬೆಕ್ಕನ್ನು ಎಬ್ಬಿಸದೆ ಬೆಂಕಿ ಹಾಕುವವರಲ್ಲ ಅವರು. ಪೇಟೆಯಲ್ಲಿ ಈಗ ಬೆಕ್ಕಿನ ಮರಿಗಳು ಕಾರಿನ ಬಾನೆಟ್ಟಿನೊಳಗೆ ಮಲಗುತ್ತವೆ. ಮಳೆಗಾಲದಲ್ಲಿ, ಮಾಗಿಯ ಚಳಿಯಲ್ಲಿ ಅಪ್ಪ ಕಾರು ಹೊರಡಿಸುವ ಮೊದಲು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುವ ಕೆಲಸವನ್ನು ನೀವು ವಹಿಸಿಕೊಳ್ಳಬಹುದು.

ರಿಪೇರಿಯವನು ಹೇಳಿದಂತೆ ಹನ್ನೊಂದಕ್ಕೆ ಬಂದ. ಬಂದದ್ದಕ್ಕೆ ಜಾಲರಿಗಳಿಗೆಲ್ಲ ಅಡಿಯಿಂದ ತಂತಿಬಲೆ ಹಾಕಿ ಸ್ಕ್ರೂ ಬಿಗಿದ. ದೊಡ್ಡ ಕೊಳವೆಯ ಕಿಂಡಿ ತೆಗೆದು ಒಳಗೆ ಕೈ ಹಾಕಿದವನು ಒಂದೊಂದೇ ತೆಗೆದು ಪುಟ್ಟಿಯ ಕೈಗೆ ಕೊಟ್ಟನಂತೆ: ನಿನ್ನೆ ಬಿದ್ದ ಪೆನ್ಸಿಲ್, ಯಾವ ಕಾಲದ್ದೋ ಎರಡು ಬಳಪ, ಒಂದು ಪುಟ್ಟ ಕಾಲುಚೀಲ, ಮತ್ತೆ ಆ ಕಾಲುಚೀಲದ ಒಳಗೆ, ಒಂದನ್ನೂ ತಿನ್ನದೆ, ಓರಣವಾಗಿ ತುಂಬಿಟ್ಟಿದ್ದ ಸೂರ್ಯಕಾಂತಿ ಬೀಜಗಳು.